ಬೆಳಗಾವಿಯಿಂದ ಹೈದರಾಬಾದಿಗೆ ಒಂದೂಕಾಲು ತಾಸು

ಅವ್ವನ ಕಣ್ಣಿನ ಶಸ್ತ್ರಚಿಕಿತ್ಸೆಗೆ ಹೈದರಾಬಾದಿಗೆ ಹೋಗಬೇಕಾಗಿತ್ತು. ಬಾಗಲಕೋಟೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಮೊದಲು ಪಶ್ಚಿಮಕ್ಕೆ ಬೆಳಗಾವಿಗೆ ಹೋಗಿ ಅಲ್ಲಿಂದ ಮತ್ತೆ ಪೂರ್ವಕ್ಕೆ ಹಾರಬೇಕು. ಮೂವತ್ತು ವರ್ಷ ಗಣಿತ ಕಲಿಸಿದ ನನಗೆ ಲೆಕ್ಕ ಹೇಳದಿದ್ದರೆ ಊಟ ಸೇರುವುದಿಲ್ಲ. ನವನಗರದ ಮನೆಯಲ್ಲಿ ಮೊಬೈಲ್ ತೆರೆದು, ನೇರ ಗೆರೆಯಲ್ಲಿ ಸುಮಾರು ನಾನೂರ ಮೂವತ್ತು ಕಿಲೋಮೀಟರ್, ಒಂದೂಕಾಲು ತಾಸು ಎಂದು ಅವ್ವನಿಗೆ ಒಪ್ಪಿಸಿದೆ. ನಕ್ಷೆಯ ಗೆರೆ ಬಾಗಲಕೋಟೆಯನ್ನೇ ಹಾಯ್ದು ಹೋಗಿತ್ತು. ಏರಿದ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ನಮ್ಮೂರಿನ ಮೇಲೆಯೇ ಇರುತ್ತೇವೆ ಎಂದು ಜಂಬದಿಂದ ಹೇಳಿದೆ.

“ಮುಳುಗಡಿ ಆದ ಕಡೆ ಮ್ಯಾಲಿಂದನ?” ಎಂದಳು ಅವ್ವ.

ಹೂಂ ಎಂದೆ. ಎಂದ ಮೇಲಷ್ಟೇ ನನಗೆ ಹೊಳೆಯಿತು.

ಅಣೆಕಟ್ಟು ಕಟ್ಟಿದಾಗ ಹಳೆಯ ಊರನ್ನು ಮುಳುಗಿಸಿದ ಹಿನ್ನೀರಿನ ಅಡಿಯಲ್ಲಿ, ಘಟಪ್ರಭೆಯ ಹಳೆಯ ದಂಡೆಯಲ್ಲಿ, ನನ್ನ ತಮ್ಮನನ್ನು ಮಣ್ಣು ಮಾಡಿದ ಜಾಗವಿದೆ. ಅವನಿಗೆ ಆಗ ಎಂಟು ತಿಂಗಳು, ನನಗೆ ಏಳು ವರ್ಷ. ಮಲಗಿದ ಕೂಸನ್ನು ದಾಟಬಾರದು, ದಾಟಿದರೆ ಅದು ಬೆಳೆಯುವುದಿಲ್ಲ, ಮರೆತು ದಾಟಿದರೆ ತಿರುಗಿ ದಾಟಿ ಬರಬೇಕು ಎನ್ನುತ್ತಾರೆ ನಮ್ಮ ಕಡೆ. ಒಂದು ಬೆಳಿಗ್ಗೆ ಶಾಲೆಗೆ ಹೊತ್ತಾಯಿತೆಂದು, ಕೌದಿಯ ಮೇಲೆ ಮಲಗಿದ್ದ ಅವನನ್ನು ಜಿಗಿದು ದಾಟಿ ಬಾಗಿಲಿಗೆ ಓಡಿದೆ. “ಏ, ತಿರುಗಿ ದಾಟ ಬಾ!” ಎಂದು ಅವ್ವ ಕೂಗಿದಳು. ನಾನು ಮೊಂಡಿ, ತಿರುಗಿಯೂ ನೋಡಲಿಲ್ಲ. ವಾರದೊಳಗೆ ಜ್ವರ ಬಂದು ತಮ್ಮ ಹೋದ. ಜ್ವರಕ್ಕೂ ನನ್ನ ಜಿಗಿತಕ್ಕೂ ಸಂಬಂಧವಿಲ್ಲವೆಂದು ಯಾರಿಗೆ ಬೇಕಾದರೂ ವಾದಿಸಿ ಹೇಳಬಲ್ಲೆ. ಆದರೂ ಯಾರ ಮನೆಯಲ್ಲಾದರೂ ಕೂಸು ನೆಲದ ಮೇಲೆ ಮಲಗಿದ್ದರೆ ಇವತ್ತಿಗೂ ಗೋಡೆ ಹಿಡಿದು ಸುತ್ತು ಹಾಕಿ ಹೋಗುತ್ತೇನೆ. ಅವ್ವ ಆ ಮಾತು ಎಂದೂ ಎತ್ತಲಿಲ್ಲ. ಕೇಳಲು ನನಗೆ ಧೈರ್ಯವಿರಲಿಲ್ಲ.

ವಿಮಾನದಲ್ಲಿ ಅವ್ವ ಕಿಟಕಿಯ ಬಳಿ ಕುಳಿತಿದ್ದಳು. ನಾನು ಗಡಿಯಾರ ನೋಡುತ್ತಲೇ ಇದ್ದೆ. ಇಪ್ಪತ್ತೆರಡನೆಯ ನಿಮಿಷಕ್ಕೆ ಕೆಳಗೆ ಅಗಲವಾಗಿ ನೀರು ಹರಡಿಕೊಂಡಿತು. ಹೇಳಲೋ ಬೇಡವೋ ಅನ್ನುವಷ್ಟರಲ್ಲಿ ಅವ್ವ ಚಪ್ಪಲಿ ಬಿಟ್ಟು ಎರಡೂ ಕಾಲು ಸೀಟಿನ ಮೇಲೆ ಎಳೆದುಕೊಂಡಳು. ಪೊರೆ ಬಂದ ಕಣ್ಣಿಗೆ ನೀರು ಕಂಡಿರಲಾರದು. ನನ್ನ ಮುಖ ನೋಡಿ ತಿಳಿದುಕೊಂಡಿರಬೇಕು.

“ಕೂಸಿನ ಮ್ಯಾಲ ಕಾಲ ಬ್ಯಾಡ. ನೀನೂ ಮ್ಯಾಲ ತಗೋ.”

ಪಕ್ಕದವರು ನೋಡುತ್ತಿದ್ದರೂ, ಇಷ್ಟು ವಯಸ್ಸಾದ ಟೀಚರು ನಾನು, ಮಂಡಿ ಮಡಚಿ ಕುಳಿತೆ. ಆಗ ಬಾಯಿ ತಾನಾಗಿ ತೆರೆಯಿತು. “ಅವ್ವಾ, ಅವತ್ತ ನಾ ತಿರುಗಿ ದಾಟಲಿಲ್ಲ.”

“ಗೊತ್ತೈತಿ. ನೀ ಹ್ವಾದಮ್ಯಾಲ ನಿನ್ನ ಬದ್ಲಿ ನಾನ ದಾಟಿದ್ನೆವ್ವಾ, ಬಾಗಲದಿಂದ ಒಳಗ.”

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅವಳ ಕೈ ಹಿಡಿದೆ.

“ಖರೆ, ಅದಕ್ಕಿಂತ ಮೊದ್ಲ ನಿನ್ನ ಹಿಡೀಲಾಕಂತ ಬಾಗಲಕ್ಕ ಓಡಿದ್ನೆಲ್ಲ. ಆ ಗಡಿಬಿಡ್ಯಾಗ ನಾನೂ ಅವನ್ನ ದಾಟೇ ಹೋಗಿದ್ನೇನೋ. ಹೊರಗ ಹ್ವಾದದ್ದು ಇಬ್ಬರು, ಒಳಗ ತಿರುಗಿ ದಾಟಿದ್ದು ಒಬ್ಬಾಕಿ. ಒಂದ ಉಳೀತಲ್ಲ.”

ನಾನು ಇನ್ನೊಂದು ಕೈಯ ಬೆರಳು ಮಡಚಿ ಎಣಿಸಿದೆ.

“ಉಳದದ್ದು ನಂದು,” ಎಂದಳು ಅವ್ವ. “ನಿಂದಲ್ಲ.”