ಎರಡನೆಯ ಹಾಳೆ

ಜಿನ್ನಪ್ಪ ಕಾಕಾ, ಆ ಹೆಸರುಗಳನ್ನು ಬಿಟ್ಟವರು ನೀವಲ್ಲ, ನಾನು. ಬಿಟ್ಟು, ತಪ್ಪನ್ನು ನಿಮ್ಮ ಮೇಲೆ ಹೊರಿಸಿ, ಹನ್ನೊಂದು ವರ್ಷ ಸುಮ್ಮನೆ ಕುಳಿತೆ. ಮೂಡಲಗಿಯ ನಿಮ್ಮ ಪ್ರೆಸ್ಸಿನ ಮೆಟ್ಟಿಲು ಹತ್ತುವುದನ್ನು ನನ್ನ ಯಜಮಾನರು ಯಾಕೆ ನಿಲ್ಲಿಸಿದರೆಂದು ನಿಮಗೆ ಇಂದಿಗೂ ತಿಳಿದಿಲ್ಲ — ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ಗೋಕಾಕಿನಲ್ಲಿ ಪಂಪಿನ ಮೋಟರು ರಿಪೇರಿ ಮಾಡುತ್ತಿದ್ದ ಅವರು ಕವಿತೆ ಬರೆದರೆ, ಶುದ್ಧಪ್ರತಿ ಮಾಡುವುದು ನನ್ನ ಕೆಲಸ. ಆ ಗ್ರೀಸಿನ ಕೈಯ ಅಕ್ಷರ ನನಗೊಬ್ಬಳಿಗೇ ತಿಳಿಯುತ್ತಿತ್ತು. ಕಾರ್ಖಾನೆಯೊಂದರ ಕಪ್ಪು ನೀರು ಹೊಳೆಗೆ ಸೇರಿ ಮೀನು ತೇಲಿದ ವರ್ಷ, ಧುಪದಾಳದ ಒಡ್ಡಿನ ಬಳಿಯ ಧರಣಿಗೆಂದು ಅವರು ಬರೆದ ಕವಿತೆ ಪೂರಾ ಲಗ್ನಪತ್ರಿಕೆಯ ಹಾಗೆಯೇ ಇತ್ತು. ವರ ಕಾರ್ಖಾನೆ, ವಧು ಹೊಳೆ, ಊಟಕ್ಕೆ ಸತ್ತ ಮೀನು. ಕೊನೆಗೆ 'ತಮ್ಮ ಸುಖಾಗಮನ ಬಯಸುವವರು' ಎಂದು ಹೆಸರುಗಳ ಸಾಲು — ಅದೇ ಎರಡನೆಯ ಹಾಳೆ. ಮೊದಲ ಹೆಸರು ಅವರದೇ: ಕೆಟ್ಟ ನೀರಿಗೆ ಸುಟ್ಟ ಮೋಟರುಗಳಿಂದ ಹೊಟ್ಟೆ ಹೊರೆದವನು. ಆರನೆಯದು ನನ್ನ ತಮ್ಮ ಈರಪ್ಪನದು: ಕಾರ್ಖಾನೆಯ ಕಪ್ಪು ನೀರಿನ ಟ್ಯಾಂಕರ್ ಹಳ್ಳಕ್ಕೆ ಸುರಿಯುವವನು.

ಹುಕ್ಕೇರಿಯ ತವರು ಕಣ್ಣ ಮುಂದೆ ಬಂತು. ಪ್ರೆಸ್ಸಿಗೆ ಬರುವ ಬಸ್ಸಿನಲ್ಲೇ ಆ ಹಾಳೆ ಮಡಚಿ ಚೀಲದ ತಳಕ್ಕೆ ಹಾಕಿದೆ.

ನೀವು ಕನ್ನಡಕ ಏರಿಸಿ ನಕ್ಕಿರಿ. "ಹೆಸರಿಲ್ಲದ ಪತ್ರಿಕಿ ಈ ಪ್ರೆಸ್ಸಿನ್ಯಾಗ ಇನ್ನೂತನಕ ಹಾಕಿಲ್ಲ ಯವ್ವಾ. ಬೀಗರು ಜಗಳಕ್ಕ ಬರ್ತಾರು!"

"ಅವರು ಹಂಗ ಬರದಾರ್ರಿ ಕಾಕಾ. ಖಾಲಿ ಬಿಡ್ರಿ."

ಅಚ್ಚಾದದ್ದನ್ನು ನೋಡಿ ಯಜಮಾನರು "ಹೆಸರ ಎಲ್ಲಿ ಹೋದವು?" ಎಂದರು. ಆಗಲಾದರೂ ಹೇಳಬಹುದಿತ್ತು — ಆದರೆ ನಾನು ಅಂದದ್ದು ಇದು: "ಕಾಕಾ ಬಿಟ್ಟಿರಬೇಕ್ರಿ. ಕಾರ್ಖಾನಿ ಬಿಲ್‌ಬುಕ್ ಅವರಲ್ಲೇ ಅಚ್ಚ ಆಗ್ತಾವಲ್ಲ."

ಇಷ್ಟೇ ಮಾತು. ಅವರು ನಿಮ್ಮನ್ನು ಒಂದು ಸಲವೂ ಕೇಳಲಿಲ್ಲ.

ಧರಣಿಯಲ್ಲಿ ಜನ ಪೆನ್ನು ಇಸಿದುಕೊಂಡು ಆ ಖಾಲಿ ಜಾಗದಲ್ಲಿ ತಮ್ಮ ತಮ್ಮ ಹೆಸರು ಬರೆದರು. ಇದು ಆಧುನಿಕೋತ್ತರ ಕಾವ್ಯ, ಓದುವವನನ್ನೇ ಒಳಗೆಳೆದು ತಪ್ಪಿತಸ್ಥನನ್ನಾಗಿ ಮಾಡುತ್ತದೆ ಎಂದು ಸಂಕೇಶ್ವರದ ಕಾಲೇಜು ಮಾಸ್ತರೊಬ್ಬರು ಭಾಷಣ ಮಾಡಿದರು. ಮನೆಗೆ ಬಂದು ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಜಿನ್ನಪ್ಪನ ಅಂಜಿಕಿಗಿ ಎಷ್ಟ ದೊಡ್ಡ ಹೆಸರ ಇಟ್ರು ನೋಡ!" ನಾನೂ ನಕ್ಕೆ. ನಮ್ಮ ಬಾಳು ಹೀಗೆ ನಗುತ್ತಲೇ ಕಳೆಯಿತು, ಅದು ಸುಳ್ಳಲ್ಲ. ಆದರೆ ಮನೆಗೆ ಯಾರದೇ ಲಗ್ನಪತ್ರಿಕೆ ಬರಲಿ, ಅವರು ಮೊದಲು ನೋಡುತ್ತಿದ್ದುದು ಅಡಿಯಲ್ಲಿ ಸಣ್ಣಗೆ ಅಚ್ಚಾದ ಪ್ರೆಸ್ಸಿನ ಹೆಸರನ್ನು. ನಿಮ್ಮದಾಗಿದ್ದರೆ ಹೆಬ್ಬೆರಳಿನಿಂದ ಒಮ್ಮೆ ಸವರಿ ಪಕ್ಕಕ್ಕಿಡುತ್ತಿದ್ದರು. ಅದನ್ನು ನೋಡಿಯೂ ನಾನು —

ಅವರು ತೀರಿಕೊಂಡ ಮೂರನೆಯ ದಿನ ನೀವು ಬಂದು ಬಾಗಿಲಾಚೆಯೇ ನಿಂತಿರಿ. "ಒಳಗ ಬರ್ರಿ" ಎನ್ನಲು ನನಗೆ ಬಾಯಿ ಬರಲಿಲ್ಲ.

ಮೊನ್ನೆ ಈರಪ್ಪನಿಗೆ ಎಲ್ಲ ಹೇಳಿ, ಬಚ್ಚಿಟ್ಟಿದ್ದ ಹಾಳೆ ತೋರಿಸಿದೆ. "ಹಾಕ್ಸು ಅಕ್ಕಾ. ಸುರದಾಂವ ನಾನ ಹೌದಲ್ಲ?" ಎಂದ. ಅವನ ಹೆಸರಿನ ಕೆಳಗೆ ಇನ್ನೊಂದನ್ನು ಸೇರಿಸಿದ್ದೇನೆ: ನೀಲವ್ವ, ಈ ಹೆಸರುಗಳನ್ನು ಮುಚ್ಚಿಟ್ಟವಳು.

ಗುರುವಾರ ಬರುತ್ತೇನೆ ಕಾಕಾ. ಅಚ್ಚು ಹಾಕುವುದೂ ಬಿಡುವುದೂ ನಿಮ್ಮ ಇಚ್ಛೆ. ಈ ಸಲ ಎರಡೂ ಹಾಳೆ ನಿಮ್ಮ ಕೈಗೇ ಕೊಡುತ್ತೇನೆ. ಎಣಿಸಿಕೊಳ್ಳಿ.