ಜೀಪಿಲ್ಲದ ದಿನದ ಕಣ್ಣಿನ ಪರೀಕ್ಷೆ

1981ರಲ್ಲಿ ನಾನು ಬೆಂಗಳೂರಿನ ಹೊರವಲಯದ ಒಂದು ಸಾರಿಗೆ ಕಚೇರಿಯಲ್ಲಿ ಲೈಸೆನ್ಸ್ ಕೊಡುವ, ಬೇಕಾದರೆ ಕಿತ್ತುಕೊಳ್ಳುವ ಅಧಿಕಾರಿಯಾಗಿದ್ದೆ. ಪೀಣ್ಯದ ಕಾರ್ಖಾನೆಗಳ ಬಸ್ಸು, ಲಾರಿ ಓಡಿಸುವವರೆಲ್ಲ ನನ್ನ ಮೇಜಿನ ಮುಂದೆ ಹಾದುಹೋಗಲೇಬೇಕಿತ್ತು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಒಂದು ದಿನ ಕಾರ್ಖಾನೆಯೊಂದರ ಹೆಣ್ಣುಮಕ್ಕಳು ಸಹಿ ಹಾಕಿದ ದೂರು ಬಂತು. ಮಾದನಾಯಕನಹಳ್ಳಿಯಿಂದ ಅವರನ್ನು ಕರೆತರುವ ಬಸ್ಸಿನ ಚಾಲಕ ಮುನಿಯಪ್ಪ ಒಂದೇ ವಾರದಲ್ಲಿ ಎರಡು ಸಲ ಎತ್ತಿನಗಾಡಿಗೆ ಇನ್ನೇನು ಗುದ್ದಬೇಕು ಎನ್ನುವಾಗ ಬ್ರೇಕ್ ಹಾಕಿದ್ದರಂತೆ. "ಅವರಿಗೆ ಕಣ್ಣು ಮಂದವಾಗಿದೆ ಎಂದು ಅನುಮಾನ. ಮನುಷ್ಯರು ಮಾತ್ರ ಒಳ್ಳೆಯವರು" ಎಂದು ಬರೆದಿದ್ದರು. ಚಾಲಕನ ಮಾತು ಕೇಳದೆ, ಕಾರಣ ಬರೆಯದೆ ಲೈಸೆನ್ಸ್ ಮುಟ್ಟುವಂತಿಲ್ಲ ಎನ್ನುವುದು ನಿಯಮ. ನೋಟಿಸ್ ಕಳಿಸಿದೆ.

ಮುನಿಯಪ್ಪ ಇಸ್ತ್ರಿ ಮಾಡಿದ ಖಾಕಿ ತೊಟ್ಟು ಬಂದರು. ಇಪ್ಪತ್ತು ವರ್ಷದ ಸರ್ವಿಸ್, ಒಂದೂ ಅಪಘಾತವಿಲ್ಲ. "ಟೆಸ್ಟ್ ಮಾಡ್ಕಳಿ ಸಾರ್, ನಂಗೇನೂ ಎದ್ರಿಕೆ ಇಲ್ಲ" ಎಂದರು.

ಆಗಿನ ಪರೀಕ್ಷೆ ಸರಳ. ಇಪ್ಪತ್ತೈದು ಗಜ ದೂರದ ನಂಬರ್ ಪ್ಲೇಟನ್ನು ಹಗಲು ಬೆಳಕಿನಲ್ಲಿ ಓದಬೇಕು. ಕನ್ನಡಕ ಹಾಕಿಕೊಂಡು ಓದಿದರೂ ಸರಿ. ದಿನಾ ಅಳೆಯುವ ತಾಪತ್ರಯ ಬೇಡವೆಂದು ನಮ್ಮವರು ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಎದುರಿನ ಹೊಂಗೆಮರದಡಿ ಯಾವಾಗಲೂ ಕಚೇರಿಯ ಜೀಪನ್ನೇ ನಿಲ್ಲಿಸುತ್ತಿದ್ದರು. ಅವತ್ತು ಜೀಪು ರಿಪೇರಿಗೆ ಹೋಗಿತ್ತು. ಆ ಜಾಗದಲ್ಲಿ ಯಾರದೋ ಅಂಬಾಸಿಡರ್ ಕಾರು ನಿಂತಿತ್ತು.

ಮುನಿಯಪ್ಪ ಗೆರೆಯ ಮೇಲೆ ನೆಟ್ಟಗೆ ನಿಂತು ಗಟ್ಟಿಯಾಗಿ ಓದಿದರು. "ಎಂ ವೈ ಜಿ, ನಾಕು ಏಳು ಒಂದು ಆರು."

ಅದು ನಮ್ಮ ಜೀಪಿನ ನಂಬರು.

"ಮುನಿಯಪ್ಪ, ಅಲ್ಲಿ ಜೀಪಿಲ್ಲ ಕಣ್ರೀ, ಕಾರಿದೆ" ಎಂದೆ.

ಅವರು ತಲೆ ತಗ್ಗಿಸಿದರು. "ಆ ನಂಬ್ರು ಎದುರುಗಡೆ ಟೀ ಅಂಗ್ಡೀಲಿ ಎಲ್ರಿಗೂ ಬಾಯಿಪಾಠ ಸಾರ್. ಲೈಸೆನ್ಸ್ ಕಳ್ಕಂಡ್ರೆ ನಂಗೆ ಬ್ಯಾರೆ ಕೆಲ್ಸ ಬರಾಕಿಲ್ಲ." ಅವರ ಹಿಂದೆ ಪರೀಕ್ಷೆಗೆಂದು ಸಾಲಿನಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಗುಮಾಸ್ತರು ರದ್ದತಿ ಆದೇಶ ಟೈಪ್ ಮಾಡಿ ತಂದಿಟ್ಟರು. ವಯಸ್ಸು ತಿದ್ದಿ ಲೈಸೆನ್ಸ್ ಪಡೆದ ಹದಿನೇಳರ ಹುಡುಗನದಾಗಿದ್ದರೆ ಹಿಂದೆಮುಂದೆ ನೋಡದೆ ಸಹಿ ಹಾಕುತ್ತಿದ್ದೆ. ಇಲ್ಲಿ ಕೈ ಓಡಲಿಲ್ಲ. ಮೋಸ ಅವರದು ನಿಜ, ಸೋಮಾರಿತನ ನಮ್ಮದು. ಮೊದಲು ಕಣ್ಣಿನ ವೈದ್ಯರ ಬಳಿ ಕಳಿಸಿದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿದರೆ ಕಾಣುತ್ತದೆ ಎಂದು ವರದಿ ಬಂತು. ಲೈಸೆನ್ಸ್ ರದ್ದಾದರೆ ಕಾರ್ಖಾನೆಯವರು ಕೆಲಸದಿಂದ ತೆಗೆಯುತ್ತಿದ್ದರು, ಅಮಾನತಾದರೆ ಕಾಯುತ್ತಿದ್ದರು. ಆರು ತಿಂಗಳ ಅಮಾನತು, ಮರುಪರೀಕ್ಷೆ ಪಾಸಾದರಷ್ಟೇ ವಾಪಸ್ಸು ಎಂದು ಕಾರಣ ಸಮೇತ ಬರೆದೆ. ಜೀಪಿನ ಮುಂದೆ ಪಾಸಾಗಿದ್ದ ಬಸ್ ಚಾಲಕರನ್ನೆಲ್ಲ ಮತ್ತೆ ಕರೆಸಿದೆ.

ಆರು ತಿಂಗಳಾದ ಮೇಲೆ ಮುನಿಯಪ್ಪ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಬಂದರು. ತುಮಕೂರು ರಸ್ತೆಯ ಬದಿಗೇ ಕರೆದುಕೊಂಡು ಹೋದೆ.

"ಯಾವ್ದು ಓದ್ಲಿ ಸಾರ್?"

"ಬರೋದನ್ನೆಲ್ಲ ಓದ್ರಿ."

ಲಾರಿಯದು ಓದಿದರು. ಅದರ ಹಿಂದಿನ ಬಸ್ಸಿನದು, ಸ್ಕೂಟರಿನದು, ಮತ್ತೊಂದು ಲಾರಿಯದು. ನಾನು ಸಾಕೆಂದರೂ ನಿಲ್ಲಿಸಲಿಲ್ಲ. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಪರೀಕ್ಷೆ ಮಾಡುವವನು ಮೊದಲು ತನ್ನ ಪರೀಕ್ಷೆಯನ್ನೇ ನೋಡಿಕೊಳ್ಳಬೇಕು ಎಂಬುದನ್ನು ಆ ಕೆಲಸ ಕಲಿಸಿತು. ಆಮೇಲೆ ಯಾವ ಊರಿಗೆ ವರ್ಗವಾದರೂ, ಕುರ್ಚಿಯಲ್ಲಿ ಕೂರುವ ಮುಂಚೆ ಹೊರಗೆ ಹೋಗಿ, ಕಣ್ಣಿನ ಪರೀಕ್ಷೆಗೆ ಯಾವ ಗಾಡಿ ನಿಲ್ಲಿಸುತ್ತಾರೆಂದು ನೋಡಿ ಬರುತ್ತಿದ್ದೆ.