ಸಿಸ್ಟರಮ್ಮನ ದಂಡು

ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾಗಿ ವರ್ಷಗಳಾದರೂ ಬೀದಿಯವರೆಲ್ಲ ಆಕೆಯನ್ನು ಸಿಸ್ಟರಮ್ಮ ಎಂದೇ ಕರೆಯುತ್ತಿದ್ದರು. ದೊಡ್ಡ ವಾರ್ಡೊಂದನ್ನು ಕಣ್ಸನ್ನೆಯಲ್ಲೇ ನಡೆಸಿದವಳು. ಆಕೆ ಬಾಗಿಲಲ್ಲಿ ಕಾಣಿಸಿಕೊಂಡರೆ ಹೊಸ ನರ್ಸುಗಳಷ್ಟೇ ಅಲ್ಲ, ಹೊಸ ಡಾಕ್ಟರುಗಳೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರಂತೆ. ಅಂಥವಳ ಬಲಗೈಗೆ ಲಕ್ವ ಹೊಡೆದು, ಚಮಚ ಹಿಡಿದರೆ ಚಮಚ, ಬಾಚಣಿಗೆ ಹಿಡಿದರೆ ಬಾಚಣಿಗೆ ನೆಲ ಸೇರತೊಡಗಿತು. ಅದೇ ಹೊತ್ತಿಗೆ ಮನೆಗೆ ಮೊಮ್ಮಗಳು ಬಂದಳು.

ಆ ಮಗುವನ್ನು ಸಿಸ್ಟರಮ್ಮ ಇನ್ನೂ ಎತ್ತಿಕೊಂಡಿರಲಿಲ್ಲ. ಕೆನ್ನೆ ಮುಟ್ಟಿದ್ದಳು, ಪಾದ ಸವರಿದ್ದಳು, ಅಷ್ಟೇ. ಸೊಸೆ ಒಳ್ಳೆಯವಳು, ಆದರೆ ಗಟ್ಟಿಗಿತ್ತಿ. "ಬೇಜಾರು ಮಾಡ್ಕೋಬೇಡಿ ಅತ್ತೆ, ಆ ಕೈನ ಇನ್ನೂ ನಂಬೋ ಹಾಗಿಲ್ಲ" ಎಂದು ಮುಖ ನೋಡಿಯೇ ಹೇಳಿದ್ದಳು. ಸಿಸ್ಟರಮ್ಮನಿಗೆ ಸಿಟ್ಟು ಬಂದದ್ದು ಸೊಸೆಯ ಮೇಲಲ್ಲ. ಅವಳ ಮಾತು ನಿಜವಾಗಿತ್ತಲ್ಲ, ಅದರ ಮೇಲೆ.

ಕೈ ಪಳಗಲೆಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡು ಮಂಚದ ಕೆಳಗೆ ಉರುಳಿತು. "ನಾನೇನು ನಾಯಿಮರಿನಾ?" ಎಂದು ಸಿಸ್ಟರಮ್ಮ ಸಿಡುಕಿದಳು. ಮಗ ನಕ್ಕು, ತನ್ನ ಹಳೆಯ ಕಂಪ್ಯೂಟರನ್ನು ಅಮ್ಮನ ಕೋಣೆಯ ಕಿಟಕಿಯ ಬಳಿಗೆ ತಂದಿಟ್ಟು, ಮಾಯಾಲೋಕದ ಆಟವೊಂದನ್ನು ಹಾಕಿಕೊಟ್ಟ. ಅದರಲ್ಲಿ ನಾಲ್ವರು ಸಂಗಾತಿಗಳು: ಗುರಾಣಿ ಹಿಡಿದ ದಢೂತಿ, ಬಾಣ ಬಿಡುವ ಹೆಂಗಸು, ಬೆಂಕಿ ಉಗುಳುವ ಮಂತ್ರದ ಮುದುಕ, ಗಾಯ ಮಾಯಿಸುವ ಮದ್ದಿನ ಹುಡುಗಿ. ಮೌಸ್ ಹಿಡಿದು ಒಬ್ಬೊಬ್ಬರನ್ನೇ ಆರಿಸಿ, ಎಲ್ಲಿ ನಿಲ್ಲಬೇಕು, ಯಾರಿಗೆ ಏನು ಮಾಡಬೇಕು ಎಂದು ಅಪ್ಪಣೆ ಕೊಡಬೇಕು.

"ತಮ್ಮಷ್ಟಕ್ಕೆ ತಾವೇ ಕಾದಾಡೋ ಹಾಗೂ ಮಾಡ್ಬಹುದು ಅತ್ತೆ. ಆ ಬಟನ್ ಒತ್ಲಾ?" ಎಂದಳು ಸೊಸೆ.

"ಡ್ಯೂಟಿ ಮೇಲಿರೋರನ್ನ ಅವರಷ್ಟಕ್ಕೆ ಬಿಟ್ರೆ ಹರಟೆಗೆ ಕೂರ್ತಾರೆ. ಮುಟ್ಟಬೇಡ."

ಮೊದಮೊದಲು ಆದದ್ದು ಬರೀ ಅವಾಂತರ. ದಢೂತಿ ಹೋಗಿ ಹೊಂಡಕ್ಕೆ ಬಿದ್ದ. ಮುದುಕನ ಬೆಂಕಿ ಬಾಣದವಳ ಜಡೆಗೇ ತಗುಲಿತು. "ಏಯ್ ತಾತ, ಕಣ್ಣು ಮನೇಲಿ ಬಿಟ್ಟು ಬಂದ್ಯಾ?" ಎಂದು ಸಿಸ್ಟರಮ್ಮ ಗದರಿಸಿದಳು. ತಪ್ಪು ತನ್ನ ಬೆರಳಿನದೆಂದು ಗೊತ್ತಿತ್ತು. ಆದರೂ ಬಿಡಲಿಲ್ಲ. ಮಗು ಮಲಗಿದಾಗಲೆಲ್ಲ ಕೂತಳು. ಮಣಿಕಟ್ಟು ನಡುಗಿದರೆ ಎಡಗೈಯಿಂದ ಅದನ್ನು ಅದುಮಿ ಹಿಡಿದು, ಬೈದು, ಮತ್ತೆ ಕೂತಳು.

ಅದನ್ನೆಲ್ಲ ನೋಡುತ್ತಿದ್ದ ಸೊಸೆ ಒಂದು ದಿನ, "ಆಟದಲ್ಲಿ ಮುಂದೆ ಬರೋ ಸೇತುವೆ ಕಾಳಗದಲ್ಲಿ ಕೈ ಜಾರದೆ ನಾಲ್ವರನ್ನೂ ದಾಟಿಸಿ. ಮಗು ಕೊಡ್ತೀನಿ" ಎಂದಳು.

"ಮಾತು ತಪ್ಪಬಾರದು."

"ತಪ್ಪಲ್ಲ."

ಮರುದಿನ ಬೆಳಿಗ್ಗೆ ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಪಕ್ಕದಲ್ಲಿ ನಿಂತಳು. ದಢೂತಿ ಹೇಳಿದ ಕಡೆ ನಿಂತ. ಬಾಣ ಗುರಿ ಮುಟ್ಟಿತು. ಬೆಂಕಿ ಬೀಳಬೇಕಾದವರ ಮೇಲೇ ಬಿತ್ತು. ಶತ್ರುಪಾಳಯದ ಒಬ್ಬ ರಕ್ತ ಸುರಿಸುತ್ತ ಮಂಡಿಯೂರಿದ. ಅವನ ಪಕ್ಕದಲ್ಲೇ ದಢೂತಿ, ಬರೀ ತರಚುಗಾಯ. ಮದ್ದಿನ ಹುಡುಗಿಯ ಸರದಿ ಬಂತು. ಸಿಸ್ಟರಮ್ಮ ಒತ್ತಿದಳು. ಮದ್ದು ಹೋಗಿ ಶತ್ರುವಿಗೆ ತಾಗಿತು. ಅವನು ಮೈಕೊಡವಿ ಎದ್ದು, ಮದ್ದು ಕೊಟ್ಟವಳಿಗೇ ಒಂದು ಬಾರಿಸಿದ.

ಸೊಸೆ ನಗು ತಡೆಯಲಾರದೆ ತುಟಿ ಕಚ್ಚಿದಳು. ಆಮೇಲೆ ಮೆಲ್ಲಗೆ, "ಪಾಪ, ಇಬ್ರೂ ಹತ್ತಿರ ಹತ್ತಿರ ಇದ್ರು. ಜಾರಿಹೋಯ್ತು, ಇನ್ನೊಂದಿನ ನೋಡೋಣ" ಎಂದಳು.

"ಜಾರಿದ್ದಲ್ಲ. ನಾನೇ ಕೊಟ್ಟೆ."

"ಶತ್ರುಗಾ?"

"ಯಾರಿಗೆ ಹೆಚ್ಚು ರಕ್ತ ಹೋಗ್ತಿದೆಯೋ ಅವರಿಗೆ ಮೊದಲು. ಒಂದ್ಸಲ ವಾರ್ಡಿಗೆ ಗಾಯವಾದ ಕಳ್ಳ ಬಂದ, ಅವನನ್ನ ಹಿಡಿಯೋಕೆ ಹೋಗಿ ಗಾಯವಾದ ಪೊಲೀಸೂ ಬಂದ. ಕಳ್ಳನಿಗೇ ಮೊದಲು ಹೊಲಿಗೆ ಹಾಕ್ಸಿದ್ದೆ. ಕೈ ಅಭ್ಯಾಸ, ಏನ್ಮಾಡ್ಲಿ?"

"ಹಾಗಂತ ನೀವು ಹೇಳ್ತೀರಿ. ನಂಗೆ ಹೇಗೆ ಗೊತ್ತಾಗ್ಬೇಕು ಅತ್ತೆ?"

ಕೇಳಿದ್ದು ನ್ಯಾಯವಾಗಿಯೇ ಇತ್ತು. ಸಿಸ್ಟರಮ್ಮ ಕಾಳಗವನ್ನು ಮೊದಲಿನಿಂದ ತೆರೆದು, ಕುರ್ಚಿ ಮುಂದಕ್ಕೆಳೆದುಕೊಂಡಳು. "ಈ ಸಲ ನೀನು ಹೇಳು, ನಾನು ಒತ್ತೀನಿ. ದಯೆ ದಾಕ್ಷಿಣ್ಯ ಬೇಡ."

ಸೊಸೆ ಕೂಡ ಬಿಡಲಿಲ್ಲ. "ದಢೂತಿ, ಕಂಬದ ಎಡಕ್ಕೆ. ಬಾಣದವಳು ಮೆಟ್ಟಿಲ ಮೇಲೆ. ತಾತನ ಬೆಂಕಿ ಆ ಕುಳ್ಳನಿಗೆ. ಬೇಗ!" ಪರದೆಯ ಮೇಲಿನ ಮೌಸಿನ ಗುರುತು ಹೇಳಿದಲ್ಲಿಗೆ ಹೋಯಿತು, ನಿಂತಿತು. ಸಿಸ್ಟರಮ್ಮನ ಹಣೆಯಲ್ಲಿ ಬೆವರು. ನಾಲ್ವರಲ್ಲಿ ಮೂವರು ಸೇತುವೆ ದಾಟಿದರು. ಉಳಿದವಳು ಮದ್ದಿನ ಹುಡುಗಿ. ದಾರಿ ಖಾಲಿಯಿತ್ತು. ಸಿಸ್ಟರಮ್ಮ ಒತ್ತಿದಳು. ಹುಡುಗಿ ಸೇತುವೆಯ ಅಂಚಿನ ಪೊದೆಯತ್ತ ನಡೆದು ಅಲ್ಲಿಯೇ ನಿಂತಳು.

ಸೊಸೆಗೆ ಅದು ತಪ್ಪೆಂದು ಹೊಳೆಯಲೇ ಇಲ್ಲ. "ಅಲ್ಲೇನಾದ್ರೂ ನಿಧಿ ಇದ್ಯಾ ಅತ್ತೆ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಮಗು ಸೊಸೆಯ ಹೆಗಲ ಮೇಲಿಂದ ಅಜ್ಜಿಯನ್ನೇ ನೋಡುತ್ತಿತ್ತು.

"ಇಲ್ಲ," ಎಂದಳು ಸಿಸ್ಟರಮ್ಮ, ಕೈಯನ್ನು ಮೌಸಿನಿಂದ ತೆಗೆದು. "ಇದು ಜಾರಿದ್ದು."

ಸೊಸೆ ಅತ್ತೆಯ ಮುಖ ನೋಡಿದಳು. ಕೈಯನ್ನೂ ನೋಡಿದಳು. ಆಮೇಲೆ ಮಂಚದ ಮೇಲೆ ಗೋಡೆಗೆ ಒರಗುವಂತೆ ದಿಂಬು ಜೋಡಿಸಿ, ಬಲಗಡೆಗೆ ಇನ್ನೊಂದು ದಿಂಬು ಒತ್ತಿಟ್ಟು, "ಬನ್ನಿ, ಇಲ್ಲಿ ಕೂತ್ಕೊಳ್ಳಿ" ಎಂದಳು.

"ಸೋತೆನಲ್ಲೇ?"

"ಜಾರಿದಾಗ ಜಾರ್ತು ಅಂತೀರಲ್ಲ. ನಂಗೆ ಅಷ್ಟು ಸಾಕು. ಕತ್ತಿನ ಕೆಳಗೆ ಎಡಗೈ. ನಾನು ಇಲ್ಲೇ ಇರ್ತೀನಿ."

ಮಗು ಮಡಿಲಿಗೆ ಬಂತು. ಅಂದುಕೊಂಡದ್ದಕ್ಕಿಂತ ಭಾರ, ಅಂದುಕೊಂಡದ್ದಕ್ಕಿಂತ ಬಿಸಿ. ಬಲಗೈಯನ್ನು ಅದರ ಹೊಟ್ಟೆಯ ಮೇಲಿಟ್ಟು ಸಿಸ್ಟರಮ್ಮ ಉಸಿರನ್ನೂ ಎಣಿಸಿದಂತೆ ಬಿಟ್ಟಳು. ಸೊಸೆಯ ಎರಡೂ ಅಂಗೈ ಗೇಣು ದೂರದಲ್ಲಿ ಕಾಯುತ್ತಿದ್ದವು. ಸ್ವಲ್ಪ ಹೊತ್ತಿಗೆ ತನ್ನ ಬಲಗೈ ಬೆರಳುಗಳ ಬಿಗಿ ಸಡಿಲವಾಗುವುದು ಸಿಸ್ಟರಮ್ಮನಿಗೆ ತಿಳಿಯಿತು.

"ತಗೋ, ಕೈ ಸೋಲ್ತಾ ಇದೆ."

ಸೊಸೆ ತಕ್ಷಣ ಎತ್ತಿಕೊಂಡಳು.

"ಹಾಲು ಕುಡಿಸಾದ ಮೇಲೆ ಮತ್ತೆ ಕೊಡು," ಎಂದು ಸಿಸ್ಟರಮ್ಮ ಬಲಗೈ ಬೆರಳುಗಳನ್ನು ಎಡಗೈಯಿಂದ ತಿಕ್ಕತೊಡಗಿದಳು. "ಅಷ್ಟರಲ್ಲಿ ಇವಕ್ಕೆ ಸ್ವಲ್ಪ ಬುದ್ಧಿ ಹೇಳಿರ್ತೀನಿ."